ಭಟ್ಟರ ಹೋಟೆಲಿನ ಬೋರ್ಡು ಬಿದ್ದ ಮೇಲೆ

1983ರಲ್ಲಿ ನಾನು ಮುಂಬಯಿ ಹತ್ತಿರದ ಕಲ್ಯಾಣದಲ್ಲಿದ್ದೆ. ಸರ್ಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಕಂಪನಿಯೊಂದರ ಶಾಖೆಯಲ್ಲಿ ಕ್ಲೇಮ್ಸ್ ವಿಭಾಗದ ಸಹಾಯಕ ಅಧಿಕಾರಿ. ಸ್ಟೇಷನ್ನಿನ ಪಶ್ಚಿಮಕ್ಕೆ, ಕೆಳಗೆ ಸೀರೆ ಅಂಗಡಿ, ಮೇಲೆ ನಮ್ಮ ಆಫೀಸು. ಡೊಂಬಿವಲಿಯಿಂದ ಅಂಬರನಾಥದವರೆಗೆ ನಮ್ಮ ಶಾಖೆಯ ವ್ಯಾಪ್ತಿ. ಉಲ್ಹಾಸನಗರದ ಅಂಗಡಿಗಳ ಬೆಂಕಿ, ಹೆದ್ದಾರಿಯ ಲಾರಿ ಅಪಘಾತ, ಮಳೆಗಾಲದಲ್ಲಿ ಗೋಡೌನಿಗೆ ನುಗ್ಗಿದ ನೀರು, ಕಾರ್ಖಾನೆಗಳಲ್ಲಿ ಯಂತ್ರಕ್ಕೆ ಸಿಕ್ಕಿದ ಬೆರಳುಗಳು. ನನ್ನ ಮೇಜಿಗೆ ಬರುತ್ತಿದ್ದ ಕಡತಗಳು ಹೆಚ್ಚುಕಡಿಮೆ ಇವೇ. ತುಮಕೂರು ಕಡೆಯಿಂದ ಹೋದವನು ನಾನು. ಮರಾಠಿ ಕಲಿತದ್ದು ಆ ಮೇಜಿನ ಹಿಂದೆಯೇ.

ನಾನು ಹೇಳಹೊರಟಿರುವ ಪ್ರಕರಣ 'ಪಬ್ಲಿಕ್ ಲಯಬಿಲಿಟಿ' ಪಾಲಿಸಿಗೆ ಸೇರಿದ್ದು. ಆ ಕಾಲದಲ್ಲಿ ಸಣ್ಣ ವ್ಯಾಪಾರಿಗಳಲ್ಲಿ ಇದನ್ನು ಮಾಡಿಸುತ್ತಿದ್ದವರು ಬಹಳ ಅಪರೂಪ. ಬೆಂಕಿಯ ವಿಮೆ ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು, ಏಕೆಂದರೆ ಅದರಲ್ಲಿ ಸುಟ್ಟುಹೋಗುವುದು ನಮ್ಮದೇ ವಸ್ತು. ಪಬ್ಲಿಕ್ ಲಯಬಿಲಿಟಿ ಹಾಗಲ್ಲ. ನಿಮ್ಮ ಅಂಗಡಿಯಿಂದಾಗಿ ಬೇರೆಯವರಿಗೆ, ಅಂದರೆ ಗಿರಾಕಿಗೆ ಅಥವಾ ಬೀದಿಯಲ್ಲಿ ಹೋಗುವವನಿಗೆ, ಪೆಟ್ಟಾದರೆ ಅಥವಾ ಜೀವ ಹೋದರೆ, ಕಾನೂನಿನ ಪ್ರಕಾರ ನೀವು ಕೊಡಬೇಕಾಗಿ ಬರುವ ಪರಿಹಾರವನ್ನು ಕಂಪನಿ ಕೊಡುತ್ತದೆ. ಇದನ್ನು ವಿವರಿಸಿ ಹೇಳಿದರೆ ಅಂಗಡಿಯವರು ನಗುತ್ತಿದ್ದರು. ಡೊಂಬಿವಲಿ ಪೂರ್ವದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ವಾಸುದೇವ ಭಟ್ಟರೂ ನಕ್ಕಿದ್ದರಂತೆ. "ಸಾಂಬಾರು ಬಿಸಿ ಉಂಟು ಅಂತ ಯಾರು ಕೇಸ್ ಹಾಕ್ತಾರೆ ಮಾರಾಯ್ರೆ?" ಎಂದು ನಮ್ಮ ಏಜೆಂಟನನ್ನು ಕೇಳಿದ್ದರಂತೆ. ಆದರೂ ಬ್ಯಾಂಕಿನ ಸಾಲಕ್ಕೆ ಬೇಕಾಗಿದ್ದ ಬೆಂಕಿ ಪಾಲಿಸಿಯ ಜೊತೆಗೆ, ಏಜೆಂಟನ ಒತ್ತಾಯಕ್ಕೆ ಇದನ್ನೂ ಮಾಡಿಸಿದ್ದರು.

ಆ ವರ್ಷ ಜೂನ್ ಆರಂಭದ ಒಂದು ಸಂಜೆ ಮಳೆಗಾಲದ ಮೊದಲ ಗಾಳಿ ಬೀಸಿತು. ಅಂಥ ಗಾಳಿಗೆ ಡೊಂಬಿವಲಿಯಲ್ಲಿ ಪ್ರತಿವರ್ಷ ಒಂದಷ್ಟು ತಗಡುಗಳು ಹಾರುತ್ತವೆ. ಮರುದಿನ ಬೆಳಿಗ್ಗೆ ಭಟ್ಟರ ಭಾವಮೈದ ರಮಾನಂದ ನಮ್ಮ ಆಫೀಸಿನ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಹೋಟೆಲಿನ ಅಡುಗೆ, ಖರೀದಿ ಎಲ್ಲ ಅವನದೇ ಉಸ್ತುವಾರಿ, ಗಲ್ಲಾದಲ್ಲಿ ಮಾತ್ರ ಭಟ್ಟರು. "ಬೋರ್ಡು ಬಿತ್ತು ಸಾರ್" ಎಂದ. "ಒಬ್ಬ ಹೋಗಿಬಿಟ್ಟ."

ಅವನ ಜೊತೆಗೇ ಲೋಕಲ್ ಹತ್ತಿ ಹೋದೆ. ಹೋಟೆಲಿನ ಶಟರು ಅರ್ಧ ಇಳಿದಿತ್ತು. ಬೋರ್ಡನ್ನು ಪೊಲೀಸರು ಪಂಚನಾಮೆ ಮುಗಿಸಿ ಗೋಡೆಗೆ ಒರಗಿಸಿದ್ದರು. ದೊಡ್ಡ ಬೋರ್ಡು. ಕಬ್ಬಿಣದ ಆ್ಯಂಗಲ್ಲಿನ ಚೌಕಟ್ಟು, ಮೇಲೆ ತಗಡು, ಒಳಗೆ ಟ್ಯೂಬ್‌ಲೈಟು. ಮರಾಠಿ, ಇಂಗ್ಲಿಷ್, ಮೂಲೆಯಲ್ಲಿ ಸಣ್ಣದಾಗಿ ಕನ್ನಡ. ಮಳೆಯಲ್ಲಿ ನಾಲ್ಕು ಜನ ಅದರ ಕೆಳಗೆ ನಿಲ್ಲಬಹುದು, ಅಷ್ಟು ಮುಂದಕ್ಕೆ ಚಾಚಿಕೊಂಡಿತ್ತಂತೆ. ಗೋಡೆಯಲ್ಲಿ ಉಳಿದಿದ್ದ ಕ್ಲ್ಯಾಂಪುಗಳನ್ನು ನೋಡಿದೆ. ಹೊರಗೆ ಬಣ್ಣ ಬಳಿದಿದ್ದರು, ಒಳಗೆ ತುಕ್ಕು ತಿಂದು ಪುಡಿಯಾಗಿತ್ತು. ಕಾಂಕ್ರೀಟಿನ ತೊಲೆಗೆ ಹೊಡೆಯಬೇಕಾದ ಬೋಲ್ಟನ್ನು ಬೋರ್ಡು ಕೂರಿಸಿದವನು ಬರೀ ಇಟ್ಟಿಗೆಗೆ ಹೊಡೆದು ಹೋಗಿದ್ದ.

ಸತ್ತವನ ಹೆಸರು ಶರಣಪ್ಪ. ಗುಲ್ಬರ್ಗ ಕಡೆಯವನು. ಹತ್ತಿರದಲ್ಲೇ ಏಳುತ್ತಿದ್ದ ಒಂದು ಕಟ್ಟಡದಲ್ಲಿ ಸ್ಲ್ಯಾಬಿನ ಕೆಲಸಕ್ಕೆ ಬರುತ್ತಿದ್ದ. ಠಾಕುರ್ಲಿ ಕಡೆ ಹಳಿಯ ಪಕ್ಕದ ಝೋಪಡಪಟ್ಟಿಯಲ್ಲಿ ಹೆಂಡತಿ ನಿಂಗಮ್ಮನ ಜೊತೆ ಇದ್ದ. ಇಬ್ಬರು ಹೆಣ್ಣುಮಕ್ಕಳು ಊರಲ್ಲಿ, ಅಜ್ಜಿಯ ಬಳಿ.

ಭಟ್ಟರು ಒಳಗೆ, ಅಡುಗೆಮನೆಗೆ ಹತ್ತಿರದ ಟೇಬಲ್ಲಿನಲ್ಲಿ ಕೂತಿದ್ದರು. ಐವತ್ತರ ಆಸುಪಾಸಿನ, ತೆಳ್ಳನೆಯ, ಬಿಳಿ ಶರ್ಟಿನ ಮನುಷ್ಯ. ನನ್ನ ಅನುಭವದಲ್ಲಿ ಇಂಥ ಹೊತ್ತಿನಲ್ಲಿ ಮಾಲೀಕರು ಕೇಳುವ ಪ್ರಶ್ನೆಗಳು ಎರಡೇ: ನನ್ನನ್ನು ಒಳಗೆ ಹಾಕುತ್ತಾರಾ? ಕಂಪನಿ ಕೊಡುತ್ತದಾ? ಭಟ್ಟರು ಎರಡನ್ನೂ ಕೇಳಲಿಲ್ಲ. ನಾನು ಮಾತಾಡುವಾಗೆಲ್ಲ ನನ್ನ ಭುಜದ ಮೇಲಿಂದ ಬಾಗಿಲಿನ ಕಡೆ ನೋಡುತ್ತಿದ್ದರು. ಯಾರೋ ಬಂದು ನಿಂತಿದ್ದಾರೇನೋ ಎಂದು ನಾನೂ ಒಮ್ಮೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಅವರಿಗೆ ಪಾಲಿಸಿಯ ಒಂದು ಷರತ್ತನ್ನು ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಹೊಣೆಗಾರಿಕೆಯ ಎಲ್ಲ ಪಾಲಿಸಿಗಳಲ್ಲೂ ಅದು ಇರುತ್ತದೆ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮೆ ಮಾಡಿಸಿದವರು ಹೊಣೆಯನ್ನು ಒಪ್ಪಿಕೊಳ್ಳಬಾರದು, ಪರಿಹಾರದ ಮಾತು ಕೊಡಬಾರದು. ಕೊಟ್ಟರೆ ಕಂಪನಿ ಕೈತೊಳೆದುಕೊಳ್ಳಬಹುದು. ಕಾರಣ ಸರಳ. ನಾಳೆ ನ್ಯಾಯಾಲಯದಲ್ಲಿ ವಾದ ಮಾಡಬೇಕಾದವರು ನಾವು. ಮಾಲೀಕರೇ ಹೋಗಿ ತಪ್ಪೊಪ್ಪಿಕೊಂಡು ಬಂದಿದ್ದರೆ ವಾದಿಸುವುದಕ್ಕೆ ಏನೂ ಉಳಿಯುವುದಿಲ್ಲ.

"ಅವರ ಮನೆಗೆ ಹೋಗಲಿಕ್ಕೆ ಆಗುದಿಲ್ವಾ ಹಾಗಾದ್ರೆ?" ಎಂದು ಭಟ್ಟರು ಕೇಳಿದರು. ಅಂದು ಅವರು ಕೇಳಿದ್ದು ಅದೊಂದೇ ಪ್ರಶ್ನೆ.

"ಹೋಗಬೇಡಿ ಅಂತ ಎಲ್ಲೂ ಬರೆದಿಲ್ಲ. ಬೋರ್ಡು ಬಿದ್ದದ್ದು ನಮ್ಮ ತಪ್ಪು ಅನ್ನಬಾರದು, ಅಷ್ಟೇ" ಎಂದೆ.

ರಮಾನಂದ ನಡುವೆ ಬಾಯಿ ಹಾಕಿದ. "ಹೋದರೆ ಏನಾದರೂ ಮಾತು ಬಂದೇ ಬರ್ತದೆ ಭಾವ. ಸುಮ್ಮನೆ ಯಾಕೆ? ಇನ್ಸೂರೆನ್ಸಿನವರು ಬೇಡ ಹೇಳಿದ್ದಾರೆ ಅಂತ ಬಿಟ್ಟುಬಿಡಿ." ಅವನದು ಕೆಟ್ಟ ಬುದ್ಧಿಯೇನಲ್ಲ. ಎರಡು ಕುಟುಂಬದ ಅನ್ನ ಆ ಹೋಟೆಲಿನಲ್ಲಿತ್ತು.

ಜುಲೈ, ಆಗಸ್ಟ್ ಕಳೆಯಿತು. ಶರಣಪ್ಪನ ಜೊತೆ ಕೆಲಸ ಮಾಡುತ್ತಿದ್ದವರು ಸೇರಿ ನಿಂಗಮ್ಮನನ್ನು ಒಬ್ಬ ವಕೀಲರ ಬಳಿ ಕರೆದೊಯ್ದಿದ್ದರು. ಅವರಿಂದ ಭಟ್ಟರಿಗೆ ನೋಟಿಸು ಬಂತು. ನಮ್ಮ ಕಂಪನಿಯೂ ಜಿಲ್ಲಾ ಕೇಂದ್ರವಾದ ಠಾಣೆ ಪಟ್ಟಣದ ಒಬ್ಬ ವಕೀಲರನ್ನು ನೇಮಿಸಿತು. ವಯಸ್ಸಾದ, ಮಿತಭಾಷಿಯಾದ ಮರಾಠಿಗರು. ಇದು ದೈವಕೃತ ಅವಘಡ, ಅಂಥ ಗಾಳಿಗೆ ಯಾವ ಬೋರ್ಡಾದರೂ ಬೀಳುತ್ತಿತ್ತು ಎಂದು ವಾದಿಸುವುದು ಅವರ ಆಲೋಚನೆ. ಕ್ಲ್ಯಾಂಪುಗಳ ತುಕ್ಕಿನ ಬಗ್ಗೆ ನಮ್ಮ ತನಿಖೆಯವರು ಕೊಟ್ಟ ವರದಿ ಅವರಿಗೆ ಕಿರಿಕಿರಿ ತಂದಿತ್ತು.

ಆ ತಿಂಗಳುಗಳಲ್ಲಿ ಭಟ್ಟರು ಆಗಾಗ ನಮ್ಮ ಆಫೀಸಿಗೆ ಬರುತ್ತಿದ್ದರು. ಕಲ್ಯಾಣಕ್ಕೆ ಎಣ್ಣೆ ತೆಗೆದುಕೊಳ್ಳಲು ಬಂದಿದ್ದೆ, ಹಾಗೇ ಬಂದೆ ಅನ್ನುವರು. ನನ್ನ ಎದುರಿನ ಕುರ್ಚಿಯಲ್ಲಿ ಕೂತು ಫ್ಯಾನು ನೋಡುವರು. ಕೈಯಲ್ಲಿ ಎಣ್ಣೆಯ ಡಬ್ಬಿ ಮಾತ್ರ ಒಂದು ದಿನವೂ ಕಾಣಲಿಲ್ಲ.

ಒಮ್ಮೆ ನಾನೇ ಬೇರೆ ಕೆಲಸಕ್ಕೆ ಡೊಂಬಿವಲಿಗೆ ಹೋದವನು ಹೋಟೆಲಿಗೆ ಹೊಕ್ಕೆ. ಗಲ್ಲಾದ ಟೇಬಲ್ಲು ತಿರುಗಿಬಿಟ್ಟಿತ್ತು. ಬೀದಿಗೆ ಮುಖ ಮಾಡಿ ಕೂರುತ್ತಿದ್ದ ಭಟ್ಟರು ಈಗ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಗಿರಾಕಿಗಳು ಹಿಂದಿನಿಂದ ಬಂದು, ಅವರ ಕುರ್ಚಿಯನ್ನು ಸುತ್ತಿಕೊಂಡು ಒಳಗೆ ಹೋಗಬೇಕಿತ್ತು. "ಬಾಗಿಲಿಗೆ ಬೆನ್ನು ಹಾಕಿದ್ರೆ ಅಪಶಕುನ ಅಂತಾರೆ ಸಾರ್, ಭಾವ ಹೇಳಿದ್ರೆ ಕೇಳುದಿಲ್ಲ" ಎಂದು ರಮಾನಂದ ನನ್ನ ಕಿವಿಯಲ್ಲಿ ಗೊಣಗಿದ. ಅಷ್ಟರಲ್ಲಿ ಹೊರಗೆ ಮಳೆ ಜೋರಾಯಿತು. ಭಟ್ಟರು ತಟ್ಟನೆ ಎದ್ದು ಬಾಗಿಲಿಗೆ ಹೋಗಿ, ಬೀದಿಯಲ್ಲಿ ಕೊಡೆ ಹಿಡಿದು ಹೋಗುತ್ತಿದ್ದವರನ್ನೆಲ್ಲ "ಆತ್ ಯಾ, ಆತ್ ಯಾ, ಒಳಗೆ ಬನ್ನಿ" ಎಂದು ಕೂಗಿ ಕರೆಯತೊಡಗಿದರು. ಹೋಟೆಲಿನವನು ಗಿರಾಕಿ ಎಳೆಯುತ್ತಿದ್ದಾನೆ ಎಂದುಕೊಂಡು ಜನ ಮುಖ ತಿರುಗಿಸಿ ನಡೆದರು. ಮಳೆ ನಿಲ್ಲುವವರೆಗೂ ಅವರು ಕೂಗುವುದನ್ನು ನಿಲ್ಲಿಸಲಿಲ್ಲ. ದನಿ ಒಡೆದುಹೋಗಿತ್ತು. ಒಳಗೆ ತಿನ್ನುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಿದ್ದರು. ನಾನು ಕಾಫಿ ಮುಗಿಸದೆ ಎದ್ದೆ.

ಅದಾದ ಕೆಲವು ದಿನಗಳಿಗೆ ಅವರು ನನ್ನನ್ನು ಒಂದು ಮಾತು ಕೇಳಿದರು. "ಸಾರ್, ಈ ಪಾಲಿಸಿ ಬೋರ್ಡಿಗೆ ಮಾತ್ರವಾ?"

"ನಿಮ್ಮ ಹೋಟೆಲಿನಿಂದ ಯಾರಿಗೆ ಏನೇ ತೊಂದರೆಯಾದರೂ ಅನ್ವಯಿಸುತ್ತೆ. ಯಾಕೆ?"

"ಏನಿಲ್ಲ" ಎಂದು ಎದ್ದು ಹೋದರು.

ಗಣೇಶನ ಹಬ್ಬ ಮುಗಿದ ಮೇಲೆ ಒಂದು ದಿನ ನಮ್ಮ ವಕೀಲರ ಫೋನು ಬಂತು. ಎಂದೂ ಎತ್ತರಿಸಿ ಮಾತಾಡದ ಅವರ ದನಿ ಅಂದು ಗಟ್ಟಿಯಾಗಿತ್ತು. ಹೋಟೆಲಿನ ಮಾಲೀಕರೇ ನಿಂಗಮ್ಮನ ಮನೆಗೆ ಹೋಗಿ, ತಪ್ಪಾಯಿತೆಂದು ಕೈಮುಗಿದು ಬಂದಿದ್ದಾರೆ ಎಂದು ನೆರೆಹೊರೆಯವರು ಹೇಳುತ್ತಿದ್ದಾರಂತೆ. ಎದುರು ಪಕ್ಷದ ವಕೀಲರು ಕೋರ್ಟಿನ ಆವರಣದಲ್ಲಿ ಅದನ್ನೇ ಹೇಳಿ ನಕ್ಕರಂತೆ. ನಮ್ಮ ವಿಭಾಗೀಯ ಕಚೇರಿಗೂ ಸುದ್ದಿ ಮುಟ್ಟಿತು. ಅಲ್ಲಿಂದ ಬಂದ ಸೂಚನೆ ಸ್ಪಷ್ಟವಾಗಿತ್ತು. ಎಲ್ಲರನ್ನೂ ಕೂರಿಸಿ ವಿಚಾರಿಸಿ. ಒಪ್ಪಿಕೊಂಡಿದ್ದು ನಿಜವಾದರೆ ಷರತ್ತು ಮುರಿದಂತೆ, ಕ್ಲೇಮು ತಳ್ಳಿಹಾಕಿ.

ಅದರ ಅರ್ಥವೇನೆಂದು ನನಗೆ ಗೊತ್ತಿತ್ತು. ಕಂಪನಿ ಕೈಬಿಟ್ಟರೆ ಭಟ್ಟರು ಸ್ವಂತ ಕೈಯಿಂದ ಕೊಡಬೇಕು. ಕೊಡುವುದಕ್ಕೆ ಹೋಟೆಲು ಮಾರಬೇಕು. ಬ್ಯಾಂಕಿಗೆ ಒತ್ತೆಯಿದ್ದ ಹೋಟೆಲಿನಿಂದ ನಿಂಗಮ್ಮನಿಗೆ ಏನಾದರೂ ದಕ್ಕುವ ಹೊತ್ತಿಗೆ ಆಕೆಯ ಮಕ್ಕಳ ಮದುವೆ ವಯಸ್ಸು ದಾಟಿರುತ್ತದೆ.

ನಮ್ಮ ಶಾಖೆಯಲ್ಲೇ ಸಭೆ ಸೇರಿತು. ಉದ್ದನೆಯ ಟೇಬಲ್ಲಿನ ಒಂದು ಕಡೆ ನಮ್ಮ ವಕೀಲರು ಮತ್ತು ನಾನು. ಎದುರಿಗೆ ನಿಂಗಮ್ಮ, ಪಕ್ಕದಲ್ಲಿ ಆಕೆಯ ವಕೀಲರು. ಕೊನೆಯಲ್ಲಿ, ಕಿಟಕಿಯ ಬಳಿ ಭಟ್ಟರು ಮತ್ತು ರಮಾನಂದ. ನಿಂಗಮ್ಮನನ್ನು ನಾನು ನೋಡಿದ್ದು ಅದೇ ಮೊದಲು. ಮೂವತ್ತು ದಾಟಿರದ ಹೆಂಗಸು. ಕೈಗಳು ಮಾತ್ರ ಅವಳಿಗಿಂತ ಎಷ್ಟೋ ವಯಸ್ಸಾದವು. ಸುಣ್ಣ, ಸಿಮೆಂಟು ತಿಂದ ಕೈಗಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಆಕೆಗೆ ಮರಾಠಿ ಅಷ್ಟಕ್ಕಷ್ಟೆ. ವಕೀಲರಿಬ್ಬರಿಗೂ ಕನ್ನಡ ಬಾರದು. ಹಾಗಾಗಿ ದುಭಾಷಿಯ ಕೆಲಸ ನನ್ನ ಪಾಲಿಗೆ ಬಂತು. ಆಡಿದ ಮಾತನ್ನು ಆಡಿದ ಹಾಗೆಯೇ ಹೇಳಬೇಕು, ಕೂಡಿಸುವುದು, ಕಳೆಯುವುದು ಬೇಡ ಎಂದು ಇಬ್ಬರು ವಕೀಲರೂ ಮೊದಲೇ ನನಗೆ ತಾಕೀತು ಮಾಡಿದರು.

"ಭಟ್ಟರು ನಿಮ್ಮ ಮನೆಗೆ ಬಂದಿದ್ದರಾ?" ಎಂದು ಕೇಳಿದೆ.

"ಬಂದಿದ್ರು ಸಾಹೇಬ್ರ. ಇಲ್ಲಂತ ಯಾಕನ್ಲಿ? ಸಂಜಿಮುಂದ ಬಂದ್ರು. ಬಾಗಲದಾಗ ನಿಂತ್ರು. ಒಳಗ ಬಂದು ಕುಂದರ್ರಿ ಅಂದ್ರ ಕುಂದರ್ಲಿಲ್ಲ."

"ಏನು ಹೇಳಿದರು?"

ಆಕೆ ಭಟ್ಟರ ಕಡೆ ನೋಡಲಿಲ್ಲ. ಟೇಬಲ್ಲಿನ ಗಾಜನ್ನು ನೋಡುತ್ತ ಹೇಳಿದಳು. "ಮಳಿ ಬಂತು, ನಿಮ್ಮವ್ರು ನಾಕ ಮಂದಿ ಕೂಡಿ ನಮ್ಮ ಹೋಟೆಲನ್ಯಾಗ ಓಡಿ ಬಂದ್ರು. ಮೈತುಂಬ ಸಿಮಿಟ ಇತ್ತು. ಟೇಬಲ್ ಎಲ್ಲ ತುಂಬಿದ್ವು. ನಾ ಅವಗ ಹೊರಗ ನಿಂದ್ರು ಅಂದೆ. ಇಷ್ಟ ಅಂದ್ರು ನೋಡ್ರಿ."

ವಕೀಲರಿಬ್ಬರೂ ನನ್ನ ಮುಖ ನೋಡುತ್ತಿದ್ದರು. ನಾನು ಅದನ್ನು ಮರಾಠಿಯಲ್ಲಿ ಹೇಳಬೇಕಿತ್ತು. ಆಡಿದ ಹಾಗೆಯೇ. "ಮೀ ತ್ಯಾಲಾ ಬಾಹೇರ್ ಉಭಾ ರಾಹಾ ಮ್ಹಟ್ಲಂ" ಎಂದೆ. ನಾನು ಅವನಿಗೆ ಹೊರಗೆ ನಿಲ್ಲು ಅಂದೆ. ಆ ಮಾತು ನನ್ನ ಬಾಯಿಂದ, ನನ್ನ ದನಿಯಲ್ಲಿ ಹೊರಬಿತ್ತು. ಕಿಟಕಿಯ ಬಳಿ ಭಟ್ಟರು ಕಣ್ಣು ಮುಚ್ಚಿದ್ದರು. ರಮಾನಂದ ಬಾಯಿ ತೆರೆದು ತನ್ನ ಭಾವನನ್ನೇ ನೋಡುತ್ತಿದ್ದ. ಅವನಿಗೂ ಇದು ಆ ಕ್ಷಣದವರೆಗೆ ತಿಳಿದಿರಲಿಲ್ಲ. ಅಪಘಾತದ ಹೊತ್ತಿಗೆ ಅವನು ಹಿಂದಿನ ಅಡುಗೆಮನೆಯಲ್ಲಿದ್ದ. ಶರಣಪ್ಪನ ಜೊತೆಗಿದ್ದ ಮೂವರು ಟೇಬಲ್ಲು ತುಂಬಿದ್ದು ಕಂಡು ಆಗಲೇ ಎದುರಿನ ಕಟ್ಟಡದ ಮೆಟ್ಟಿಲ ಕೆಳಗೆ ಓಡಿದ್ದರು. ಶರಣಪ್ಪ ಒಬ್ಬ ಬೋರ್ಡಿನ ನೆರಳಿಗೆ ನಿಂತ.

ನಮ್ಮ ವಕೀಲರು ಬೋರ್ಡಿನ ಬಗ್ಗೆ ಕೇಳಿ ಎಂದರು. ಕ್ಲ್ಯಾಂಪು, ತುಕ್ಕು, ರಿಪೇರಿ ಇವುಗಳ ಮಾತು ಬಂತೇ?

"ಬೋರ್ಡಿನ ಮಾತ ಬರ್ಲಿಲ್ರಿ."

ಅಲ್ಲಿಗೆ ನಮಗೆ ಬೇಕಾದ ಉತ್ತರ ಸಿಕ್ಕಿತ್ತು. ಆದರೆ ನಿಂಗಮ್ಮ ನಿಲ್ಲಿಸಲಿಲ್ಲ. ಈಗ ಮೊದಲ ಬಾರಿಗೆ ತಲೆಯೆತ್ತಿ ಕಿಟಕಿಯ ಕಡೆ ತಿರುಗಿದಳು.

"ನನಗ ಯಾಕ ಹೇಳಿದ್ರಂತ ಅವರಿಗಿ ಕೇಳ್ರಿ ಸಾಹೇಬ್ರ. ಗಾಳಿ ಬೀಸ್ತು, ಬೋರ್ಡ ಬಿತ್ತು, ದೇವರು ಕರ್ಕೊಂಡು ಹೋದ ಅಂತ ನಾ ತಿಳಕೊಂಡಿದ್ದೆ. ಅತ್ತು ಅತ್ತು ಸುಮ್ಮನಾಗಿದ್ದೆ. ಅವ್ರು ಬಂದು ಹೇಳಿ ಹೋದ್ರು. ಈಗ ಕಣ್ಣ ಮುಚ್ಚಿದ್ರ ನಮ್ಮವ್ರು ಆ ಬಾಗಲದಾಗ ನಿಂತಾರ. ಒಳಗ ಬರ್ಲೇನು ಅಂತ ಕೇಳ್ತಾರ. ಅವರಿಗಿ ಭಾರ ಆಗಿತ್ತು, ತಂದು ನನ್ನ ಮ್ಯಾಲ ಹಾಕಿ ಹೋದ್ರು."

ಅದನ್ನೂ ನಾನು ಮರಾಠಿಗೆ ತಂದೆ. ಮುಗಿಸಿದಾಗ ನಮ್ಮ ವಕೀಲರು ಪೆನ್ನಿನ ಮುಚ್ಚಳ ಹಾಕಿ "ಪುರೇ" ಎಂದರು. ಸಾಕು. ಆಕೆಯ ವಕೀಲರೂ ಏನೂ ಕೇಳಲಿಲ್ಲ.

ಕಾನೂನಿನ ದೃಷ್ಟಿಯಲ್ಲಿ ವಿಷಯ ತೀರ ಸರಳವಾಗಿತ್ತು. ತನ್ನ ಹೋಟೆಲಿನೊಳಗೆ ಯಾರು ನಿಲ್ಲಬೇಕು, ಯಾರು ಬೇಡ ಎನ್ನುವುದು ಮಾಲೀಕನಿಗೆ ಬಿಟ್ಟದ್ದು. ಹೊರಗೆ ನಿಲ್ಲು ಎಂದದ್ದು ನಿರ್ಲಕ್ಷ್ಯವಲ್ಲ. ತುಕ್ಕು ಹಿಡಿದ ಕ್ಲ್ಯಾಂಪು ನಿರ್ಲಕ್ಷ್ಯ, ಅದರ ಬಗ್ಗೆ ಭಟ್ಟರು ತುಟಿ ಬಿಚ್ಚಿಲ್ಲ. ಆದ್ದರಿಂದ ಹೊಣೆ ಒಪ್ಪಿಕೊಂಡಂತಾಗಲಿಲ್ಲ, ಷರತ್ತು ಮುರಿದಿಲ್ಲ, ಪಾಲಿಸಿ ಜೀವಂತ. ವಕೀಲರು ಹಾಗೆಯೇ ಅಭಿಪ್ರಾಯ ಬರೆದರು. ಕ್ಲ್ಯಾಂಪುಗಳ ವರದಿ ಇರುವಾಗ ದೈವಕೃತ ಎಂಬ ವಾದ ನಿಲ್ಲುವುದಿಲ್ಲ, ರಾಜಿ ಮಾಡಿಕೊಳ್ಳುವುದು ಲೇಸು ಎಂದೂ ಸೇರಿಸಿದರು. ವಿಭಾಗೀಯ ಕಚೇರಿ ಒಪ್ಪಿತು. ಮುಂದಿನ ಯುಗಾದಿಯ ಹೊತ್ತಿಗೆ ನಿಂಗಮ್ಮನಿಗೆ ಚೆಕ್ಕು ಮುಟ್ಟಿತು. ಭಟ್ಟರ ಕೈಯಿಂದ ಒಂದು ಬಿಡಿಗಾಸೂ ಹೋಗಲಿಲ್ಲ.

ಸಭೆ ಮುಗಿದ ದಿನ ಎಲ್ಲರೂ ಹೋದ ಮೇಲೂ ಭಟ್ಟರು ಕೂತೇ ಇದ್ದರು. ರಮಾನಂದನನ್ನು ಮುಂದೆ ಹೋಗು ಎಂದು ಕಳಿಸಿದರು.

"ನೀವು ಮರಾಠಿಯಲ್ಲಿ ಹೇಳಿದ್ರಲ್ಲ ಸಾರ್. ನಾನು ಅವನಿಗೆ ಹಿಂದಿಯಲ್ಲಿ ಹೇಳಿದ್ದು. ಬಾಹರ್ ಖಡೇ ರಹೋ ಅಂತ. ತಲೆ ಸಮ ಎತ್ತಿಯೂ ನೋಡ್ಲಿಲ್ಲ, ಚಿಲ್ಲರೆ ಕೊಡ್ತಾ ಇದ್ದೆ. ಅವ ಎದುರು ಮಾತಾಡ್ಲಿಲ್ಲ. ಹಾಂ ಸೇಠ್ ಅಂತ ಹೇಳಿ ಹೋದ. ನಮ್ಮ ಭಾಷೆಯವ ಅಂತ ಗೊತ್ತಾದದ್ದು ಪೇಪರಿನಲ್ಲಿ ಓದಿದ ಮೇಲೆ." ಮತ್ತೆ ಹೇಳಿದರು. "ಕನ್ನಡದವ ಅಂತ ಗೊತ್ತಿದ್ದಿದ್ರೆ ಒಳಗೆ ಬಾ ಅಂತಿದ್ನಾ? ಅದೂ ನನಗೆ ಗೊತ್ತಿಲ್ಲ. ಅದನ್ನೇ ಯೋಚನೆ ಮಾಡ್ತೇನೆ, ಗೊತ್ತಾಗುದೇ ಇಲ್ಲ."

ನಾನು ನೀರು ತರಿಸಿಕೊಟ್ಟೆ. ಲೋಟ ಹಿಡಿದುಕೊಂಡರು. ಕುಡಿಯಲಿಲ್ಲ.

"ಅವಳು ಹೇಳಿದ್ದು ಸರಿ ಸಾರ್. ಹೇಳಿದರೆ ಹಗುರ ಆಗ್ತದೆ ಅಂತಲೇ ನಾನು ಹೋದದ್ದು. ಅವಳಿಗೆ ಎಂತ ಆಗ್ತದೆ ಅಂತ ನೋಡ್ಲಿಲ್ಲ. ಮತ್ತೆ ನನಗೆ ಹಗುರವೂ ಆಗ್ಲಿಲ್ಲ."

ಮರುವರ್ಷ ಅವರು ಡೊಂಬಿವಲಿಯ ಹೋಟೆಲನ್ನು ರಮಾನಂದನಿಗೆ ಬಿಟ್ಟುಕೊಟ್ಟು, ವಾಶಿಯ ಮಾರ್ಕೆಟ್ಟಿನ ಹತ್ತಿರ ಒಂದು ಚಿಕ್ಕ ಕ್ಯಾಂಟೀನು ಹಾಕಿಕೊಂಡರೆಂದು ಕೇಳಿದೆ. ನವಿ ಮುಂಬಯಿ ಆಗಿನ್ನೂ ಮಣ್ಣಿನ ದಿಬ್ಬಗಳು ಮತ್ತು ಅರೆಬರೆ ಕಟ್ಟಡಗಳ ಊರು. ಅವರ ನೆನಪು ಮಳೆ ಬಂದಾಗೆಲ್ಲ ಬರುತ್ತಿತ್ತು. ಡೊಂಬಿವಲಿ ದಾಟುವಾಗ ಲೋಕಲಿನ ಬಾಗಿಲಲ್ಲಿ ನಿಂತವರು "ಅಂದರ್ ಚಲೋ, ಅಂದರ್ ಚಲೋ" ಎಂದು ಒಳಕ್ಕೆ ತಳ್ಳುವಾಗ ನನಗೆ ಭಟ್ಟರ ಹೋಟೆಲಿನ ಬಾಗಿಲು ಕಣ್ಣಿಗೆ ಕಟ್ಟುತ್ತಿತ್ತು. ನಾನು ಯಾರನ್ನೂ ಹೊರಗೆ ನಿಲ್ಲಿಸಿದವನಲ್ಲ. ಆದರೂ ಆ ಮಾತನ್ನು 'ನಾನು' ಎಂದು ಒಮ್ಮೆ ಆಡಿದ ಬಾಯಿ ನನ್ನದು. ಎಷ್ಟೋ ಸಲ ಹೆಂಡತಿ ಮಾತಾಡುತ್ತಿರುವಾಗ ನನ್ನ ಕಿವಿಗೆ ನನ್ನದೇ ಮರಾಠಿ ಕೇಳಿಸುತ್ತಿತ್ತು.

1986ರ ಕೊನೆಗೆ ನನಗೆ ಬಡ್ತಿಯಾಗಿ ಅಂಬರನಾಥದ ಶಾಖೆಯ ಹೊಣೆ ಬಂತು. ಅಲ್ಲಿ ಒಂದು ಮಧ್ಯಾಹ್ನ, ಸೆರಗು ಹೊದ್ದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು "ಬರ್ಲೇನ್ರಿ?" ಎಂದಳು. ನಿಂಗಮ್ಮ. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ಆಕೆ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಖಾನಾವಳಿ ಹಾಕಿದ್ದಳು. ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಕೂಲಿಗಳಿಗೆ ಜೋಳದ ರೊಟ್ಟಿ, ಪುಂಡಿಪಲ್ಯ. ಮಕ್ಕಳನ್ನು ಊರಿನಿಂದ ಕರೆಸಿಕೊಂಡು ಶಾಲೆಗೆ ಹಾಕಿದ್ದಳು. ನಗರಪಾಲಿಕೆಯ ಲೈಸೆನ್ಸು ಚೀಲದಲ್ಲಿತ್ತು. ಅದನ್ನು ಟೇಬಲ್ಲಿನ ಮೇಲಿಟ್ಟು, "ಭಟ್ಟರು ಮಾಡ್ಸಿದ್ರಲ್ರಿ, ಮಂದಿಗಿ ಏನರ ಆದ್ರ ಕಂಪನಿ ಕೊಡೋದು, ಅದ ನನಗೂ ಬೇಕಾಗ್ಯಾದ" ಎಂದಳು.

ಏನಾದರೂ ಆಯಿತೇ ಎಂದು ಕೇಳಿದೆ.

"ಏನೂ ಆಗಿಲ್ರಿ. ಅಂಜಿಕಿ. ಉಣ್ಲಕ್ಕ ಬಂದವರ ಮಾರಿ ನೋಡ್ಕೋತ ಕುಂತಿರ್ತೀನಿ. ಪಲ್ಯ ಹಳಸಿತ್ತೇನು, ಸ್ಟೋ ಸಿಡೀತದೇನು, ಯಾವ ಮಗಗ ಏನಾಗ್ತದ ಅಂತ. ಮೊನ್ನಿ ಒಬ್ಬಗ ಜಾಗ ಇಲ್ಲಪಾ, ನಾಳಿ ಬಾ ಅಂದೆ. ಅಂವ ಹೋದ. ಮರುದಿನ ಉಣ್ಲಕ್ಕ ಬರೂತನ ನನ್ನ ಜೀವದಾಗ ಜೀವ ಇರ್ಲಿಲ್ಲ."

ಪಾಲಿಸಿಯ ಅರ್ಜಿಯನ್ನು ನಾನೇ ತುಂಬಿಕೊಟ್ಟೆ. ಆಕೆ ಸಹಿ ಮಾಡಿದಳು. ಕಲಿತ ಹೊಸದು, ಅಕ್ಷರಗಳು ದೊಡ್ಡದಾಗಿದ್ದವು. ಹೊರಡುವಾಗ ಭಟ್ಟರು ಎಲ್ಲಿದ್ದಾರೆ ಎಂದು ಕೇಳಿದಳು. ಹೇಳಿದೆ.

"ನಾ ಅವತ್ತ ಅಂದ ಮಾತು ಮರೀಬೇಕಂತ, ನಿಂಗಮ್ಮ ಹೇಳ್ಯಾಳಂತ ಹೇಳ್ರಿ. ಒಲಿ ಮುಂದ ಕುಂತ ಮ್ಯಾಲ ನನಗ ತಿಳೀತು."

ಆ ಭಾನುವಾರವೇ ನಾನು ಲೋಕಲ್ ಹತ್ತಿ ಠಾಣೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ವಾಶಿಗೆ ಹೋದೆ. ಭಟ್ಟರ ಕ್ಯಾಂಟೀನು ಹುಡುಕುವುದು ಕಷ್ಟವಾಯಿತು, ಹೊರಗೆ ಯಾವ ಬೋರ್ಡೂ ಇರಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ನಕ್ಕರು, ಬೆಂಚು ಒರೆಸಿ ಕೂರಿಸಿದರು, ಹಮಾಲರ ಗದ್ದಲದ ನಡುವೆ ಸ್ವತಃ ಕಾಫಿ ಸೋಸಿ ತಂದರು. ನಾನು ನಿಂಗಮ್ಮನ ಖಾನಾವಳಿಯ ಸುದ್ದಿ ಹೇಳಿದೆ. ಮಕ್ಕಳು ಶಾಲೆಗೆ ಹೋಗುವುದನ್ನು ಎರಡು ಸಲ ಕೇಳಿ ತಿಳಿದುಕೊಂಡರು. ಆಮೇಲೆ ಆಕೆ ಕಳಿಸಿದ ಮಾತನ್ನು ಒಪ್ಪಿಸಿದೆ. ಈ ಸಲ ಕನ್ನಡದಿಂದ ಕನ್ನಡಕ್ಕೆ, ಒಂದಕ್ಷರ ಕೂಡಿಸದೆ.

ಒಬ್ಬ ಹಮಾಲ ಚಹಾ ಕೇಳಿದ, ಭಟ್ಟರು ಕೊಟ್ಟು ಬಂದರು. ಮತ್ತೆ ಕೂತರು.

"ದೊಡ್ಡ ಮನಸ್ಸು ಅವಳದ್ದು" ಎಂದರು. "ಆದರೆ ಸಾರ್, ನೀವು ಇನ್ನೊಮ್ಮೆ ಆ ಕಡೆ ಹೋದರೆ ಹೇಳಿ. ಅವಳು ಹೇಳಿದ್ದನ್ನು ನಾನು ಮರೀಲಿಕ್ಕೆ ಹೋಗುದಿಲ್ಲ. ಅವನ ಮಾತು ಅಂತ ನನ್ನ ಹತ್ರ ಇರುದು ಹಾಂ ಸೇಠ್, ಅಷ್ಟೇ. ಮತ್ತೆ ಅವನ ಮನೆಯವರದ್ದು ಅಂತ ಇರುದು ಇದೊಂದು. ಅದೂ ಹೋದರೆ ಅವ ಯಾರೋ ಒಬ್ಬ ಆಗಿಬಿಡ್ತಾನೆ."

ಅವರ ಉತ್ತರವನ್ನು ನಾನು ಅಂಬರನಾಥಕ್ಕೆ ಹಿಂದಿರುಗಿ ನಿಂಗಮ್ಮನಿಗೆ ಮುಟ್ಟಿಸಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. "ಹಂಗಾದ್ರ ಇರ್ಲಿ ಬಿಡ್ರಿ" ಎಂದಳು. ಅವರಿಬ್ಬರೂ ಮತ್ತೆ ಭೇಟಿಯಾಗಲಿಲ್ಲ ಎಂದು ನನ್ನ ತಿಳಿವಳಿಕೆ.

ಆಮೇಲೆ ಬೇರೆ ಬೇರೆ ಊರುಗಳಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತನಾದೆ. ಇದಕ್ಕಿಂತ ದೊಡ್ಡ ದುರಂತಗಳ ಕ್ಲೇಮುಗಳನ್ನು ನೋಡಿದ್ದೇನೆ. ಎಷ್ಟೋ ಅಂಗಡಿಯವರು, ಕಾರ್ಖಾನೆಯವರು ನನ್ನೆದುರು ಕೂತು, ಸತ್ತವರ ಮನೆಗೆ ಹೋಗಿ ಬರಲೇ ಎಂದು ಕೇಳಿದ್ದಾರೆ. ಹೋಗಿ ಎಂದು ಸುಲಭವಾಗಿ ಹೇಳುವುದಕ್ಕೆ ನನ್ನಿಂದ ಆಗಲಿಲ್ಲ, ಬೇಡ ಎಂದೂ ಆಗಲಿಲ್ಲ. ಹೋಗುವುದು ಅವರಿಗಾಗಿಯೋ ನಿಮಗಾಗಿಯೋ ಒಮ್ಮೆ ಯೋಚಿಸಿ ಎನ್ನುತ್ತಿದ್ದೆ. ಕೆಲವರಿಗೆ ಅರ್ಥವಾಗುತ್ತಿತ್ತು, ಕೆಲವರಿಗೆ ಸಿಟ್ಟು ಬರುತ್ತಿತ್ತು.

ಕ್ಲೇಮು ಮುಗಿದ ಮೇಲೆ ಕಡತದ ಮೇಲೆ 'ಸೆಟಲ್ಡ್', ಅಂದರೆ ಇತ್ಯರ್ಥವಾಯಿತು, ಎಂದು ಬರೆಯುವುದು ನಮ್ಮಲ್ಲಿ ವಾಡಿಕೆ. ಎಲ್ಲ ಶಾಖೆಗಳಲ್ಲೂ ಅದಕ್ಕೊಂದು ರಬ್ಬರ್ ಸ್ಟ್ಯಾಂಪು ಇರುತ್ತಿತ್ತು. ನನ್ನ ಕೈಕೆಳಗೆ ಕೆಲಸ ಕಲಿಯಲು ಬಂದವರಿಗೆ, ಜೀವ ಹೋದ ಪ್ರಕರಣಗಳಲ್ಲಿ ಆ ಸ್ಟ್ಯಾಂಪು ಒತ್ತಬೇಡಿ ಎಂದು ಹೇಳುತ್ತಿದ್ದೆ. ಯಾಕೆ ಸಾರ್ ಎಂದು ಅವರು ಕೇಳಿದರೆ ಉದ್ದ ವಿವರಣೆ ಕೊಡುತ್ತಿರಲಿಲ್ಲ. 'ಪೇಯ್ಡ್' ಎಂದು ಕೈಯಲ್ಲೇ ಬರೆಯಿರಿ ಎನ್ನುತ್ತಿದ್ದೆ. ದುಡ್ಡು ಕೊಟ್ಟೆವು ಎನ್ನುವುದಷ್ಟೇ ನಮಗೆ ಖಚಿತವಾಗಿ ಗೊತ್ತಿರುವ ಸಂಗತಿ.